ಫ್ಯಾಫಿಯಾ ಯೀಸ್ಟ್ ಇರುವ ಗೋಲ್ಡ್‌ಫಿಶ್ ಆಹಾರ: ಬಣ್ಣ ಬಂತು, ಲೇಬಲ್ ಸಾಲದು (3/5)

ನಮ್ಮ ಒರಾಂಡಾ ತಳಿಯ ಗೋಲ್ಡ್‌ಫಿಶ್‌ಗಳು ಮಂಕು ಹಳದಿಗೆ ತಿರುಗಿದ್ದವು. 100 ಗ್ರಾಂಗೆ 420 ರೂಪಾಯಿ ಕೊಟ್ಟು ಇದನ್ನು ತಂದೆ. ಪದಾರ್ಥಗಳ ಪಟ್ಟಿಯಲ್ಲಿ ಕೆಂಪು ಬಣ್ಣ ತಯಾರಿಸುವ ಫ್ಯಾಫಿಯಾ ಯೀಸ್ಟ್ ಕಂಡಿದ್ದೇ ಕಾರಣ.

ಕಾಳು ನಿಧಾನವಾಗಿ ಮುಳುಗುತ್ತದೆ, ನೀರು ಕದಡುವುದಿಲ್ಲ. ಕೆಲವು ವಾರಗಳಲ್ಲಿ ಬೆನ್ನು ಚೆನ್ನಾಗಿ ಕೆಂಪಾಯಿತು. ಬಿಳಿ ಭಾಗಕ್ಕೂ ತುಸು ಗುಲಾಬಿ ಹತ್ತಿದೆ, ಅದು ನನಗೆ ಇಷ್ಟವಾಗಲಿಲ್ಲ.

ಈ ಬಣ್ಣದ ಮೂಲವಸ್ತುವನ್ನು ಮೀನು ತಾನೇ ತಯಾರಿಸಲಾರದು, ತಿಂದೇ ಪಡೆಯಬೇಕು. ಯೀಸ್ಟ್ ವಿಜ್ಞಾನಿ ಹರ್ಮನ್ ಫಾಫ್ ಮತ್ತು ಜೊತೆಗಾರರು 1960ರ ದಶಕದ ಕೊನೆಯಲ್ಲಿ ಜಪಾನ್, ಅಲಾಸ್ಕಾದ ಮರಗಳಿಂದ ಒಸರುವ ರಸದಲ್ಲಿ ಈ ಯೀಸ್ಟ್ ಕಂಡುಕೊಂಡರು. ಇದರ ಕೆಂಪು ಬಣ್ಣದ ಹೆಸರು ಆಸ್ಟಾಕ್ಸಾಂಥಿನ್, ಸಾಲ್ಮನ್ ಮೀನಿನ ಮಾಂಸದಲ್ಲಿ ಇರುವುದೂ ಅದೇ.

ಆದರೆ ಫ್ಯಾಫಿಯಾ ಅಂದ ಮಾತ್ರಕ್ಕೆ ಬಣ್ಣ ಜಾಸ್ತಿ ಅಂತಲ್ಲ. ಬಣ್ಣಕ್ಕೂ, ಜೀವಕೋಶದ ಪೊರೆಗೆ ಬೇಕಾದ ಎರ್ಗೋಸ್ಟೆರಾಲ್‌ಗೂ ಈ ಯೀಸ್ಟ್ ಬಳಸುವುದು ಒಂದೇ ಕಚ್ಚಾವಸ್ತು. ಒಂದೇ ಟ್ಯಾಂಕಿನಿಂದ ಎರಡು ನಲ್ಲಿಗೆ ನೀರು ಹೋದ ಹಾಗೆ. ಎರ್ಗೋಸ್ಟೆರಾಲ್‌ನಂಥ ಸ್ಟೆರಾಲ್ ಕಮ್ಮಿಯಾದರೆ ಎಸ್‌ಆರ್‌ಇ1 ಎಂಬ ಪ್ರೋಟೀನ್ ತುಂಡಾಗಿ ಜೀವಕೋಶದ ನ್ಯೂಕ್ಲಿಯಸ್‌ಗೆ ಹೋಗಿ, ಆ ಕಚ್ಚಾವಸ್ತು ತಯಾರಿಸುವ ಜೀನ್‌ಗಳನ್ನು ಚುರುಕು ಮಾಡುತ್ತದೆ. ಎರ್ಗೋಸ್ಟೆರಾಲ್ ತಯಾರಿಕೆಯ ಕೊನೆಯ ಹಂತಗಳಲ್ಲಿ ಬೇಕಾಗುವ ಸಿವೈಪಿ61 ಜೀನ್ ಕಿತ್ತುಹಾಕಿದ ತಳಿಗಳಲ್ಲಿ ಬಣ್ಣ ಹೆಚ್ಚಾಗಿದ್ದು ಪ್ರಯೋಗಾಲಯಗಳಲ್ಲಿ ಕಂಡಿದೆ. ಇನ್ನೊಂದು ಕಡೆ, ಗ್ಲೂಕೋಸ್ ತುಂಬಾ ಇದ್ದಾಗ ಯೀಸ್ಟ್ ಬಣ್ಣ ತಯಾರಿಸುವುದನ್ನು ತಗ್ಗಿಸುತ್ತದೆ.

ಅಂದ್ರೆ ತಳಿ ಯಾವುದು, ಹೇಗೆ ಬೆಳೆಸಿದರು ಅನ್ನುವುದರ ಮೇಲೆ ಬಣ್ಣದ ಪ್ರಮಾಣ ಏರುಪೇರಾಗುತ್ತದೆ. ಹಾಗಿದ್ದಮೇಲೆ ಕಿಲೋಗೆ ಎಷ್ಟು ಮಿಲಿಗ್ರಾಂ ಆಸ್ಟಾಕ್ಸಾಂಥಿನ್ ಇದೆ ಅಂತ ಬರೆಯಬೇಕಲ್ವಾ? ಇಲ್ಲಿ ಸುಮ್ನೆ ‘ನೈಸರ್ಗಿಕ ಬಣ್ಣ’ ಅಂತಿದೆ. ಯೀಸ್ಟಿನ ಗೋಡೆ ದಪ್ಪ, ಒಡೆಯದಿದ್ದರೆ ಒಳಗಿನ ಬಣ್ಣ ಮೀನಿಗೆ ಸರಿಯಾಗಿ ದಕ್ಕುವುದಿಲ್ಲ. ಅದನ್ನು ಒಡೆದಿದ್ದಾರೋ ಇಲ್ಲವೋ, ಅದೂ ಬರೆದಿಲ್ಲ.

ಇನ್ನೊಂದು ತಕರಾರು ಡಬ್ಬಿಯದು. ಬೆಳಕು, ಶಾಖ, ಗಾಳಿ ಮೂರೂ ಈ ಬಣ್ಣಕ್ಕೆ ಶತ್ರು. ಇವರು ಕೊಟ್ಟಿರುವುದು ಪಾರದರ್ಶಕ ಪ್ಲಾಸ್ಟಿಕ್! ತಂದ ಕೂಡಲೇ ಸ್ಟೀಲ್ ಡಬ್ಬಿಗೆ ಸುರಿದು ಫ್ರಿಜ್‌ನಲ್ಲಿಡಿ. 25 ಗ್ರಾಂನ ಕಪ್ಪು ಪೌಚ್ ಮಾಡಿ, ಮಿಲಿಗ್ರಾಂ ಬರೆದರೆ ಇನ್ನೊಂದು ಸ್ಟಾರ್ ಕೊಡುತ್ತೇನೆ.