ನಿವೆರ್ನೆ ಕಾಲುವೆ: ಬೋಟಿನಲ್ಲಿ ನಾಲ್ಕು ದಿನ, ಸೈಕಲ್ಲಿನಲ್ಲಿ ಮೂರು

ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ ಓಸೇರಿನಿಂದ ಕ್ಲಾಮ್ಸಿಗೆ ರೈಲಿನಲ್ಲಿ ಹೆಚ್ಚೂಕಡಿಮೆ ಒಂದು ಗಂಟೆಯ ಹಾದಿ. ಅದೇ ದಾರಿಗೆ ನಾನು ಬೋಟಿನಲ್ಲಿ ನಾಲ್ಕು ದಿನ ತೆಗೆದುಕೊಂಡೆ, ಸೈಕಲ್ಲಿನಲ್ಲಿ ಮೂರು. ಮೊದಲು ಹೋದದ್ದು ಬೋಟಿನಲ್ಲಿ. ಜುಲೈ ತಿಂಗಳು; ಹೆಂಡತಿ, ಎಂಟು ವರ್ಷದ ಮಗಳು, ಊರಿಂದ ಬಂದಿದ್ದ ಅಪ್ಪ. ಮರುವರ್ಷ ಸೆಪ್ಟೆಂಬರಿನಲ್ಲಿ ನಾನೊಬ್ಬನೇ ಸೈಕಲ್ ಹಿಡಿದು ಹೋದೆ. ಜರ್ಮನಿಯಲ್ಲಿರುವ ನಮ್ಮ ಕನ್ನಡ ಸ್ನೇಹಿತರಲ್ಲಿ ಬೇಸಿಗೆ ಬಂತೆಂದರೆ ಯಾರಾದರೊಬ್ಬರು ಕೇಳುತ್ತಾರೆ: ‘ಯಾವುದು ಒಳ್ಳೇದು ಮಾರಾಯ, ಬೋಟಾ ಸೈಕಲ್ಲಾ?’ ಪ್ರತಿ ಸಲ ಫೋನಿನಲ್ಲಿ ಅರ್ಧ ಗಂಟೆ ಹೇಳುವ ಬದಲು ಇಲ್ಲಿ ಬರೆದುಬಿಡುತ್ತೇನೆ.

ಜಾಗದ ಬಗ್ಗೆ ಮೊದಲು. ಓಸೇರಿನಿಂದ ದ್‌ಸೀಜ್ ಊರಿನ ಪಕ್ಕದವರೆಗೆ, ಅಂದರೆ ಯೋನ್ ನದಿಯಿಂದ ಲುಆರ್ ನದಿಯವರೆಗೆ, 174 ಕಿ.ಮೀ. ಉದ್ದದ ಕಾಲುವೆ ಇದು. ಅಗೆಯಲು ಶುರು ಮಾಡಿದ್ದು 1784ರಲ್ಲಿ, ಮುಗಿದದ್ದು 1840ರ ದಶಕದಲ್ಲಿ. ನಡುವೆ ಒಂದು ಮಹಾಕ್ರಾಂತಿ ಆಗಿ ಹೋಯಿತು! ತೋಡಿದ್ದು ಪ್ಯಾರಿಸ್ಸಿನ ಒಲೆಗೆ ಸೌದೆ ಸಾಗಿಸಲು. ಮೋರ್ವಾಂ ಕಾಡಿನಲ್ಲಿ ಕಡಿದ ಕೊರಡುಗಳಿಗೆ ಮಾಲೀಕನ ಗುರುತು ಒತ್ತಿ ಹಳ್ಳಕ್ಕೆ ಬಿಡುತ್ತಿದ್ದರು. ಅವು ತೇಲಿಕೊಂಡು ಕ್ಲಾಮ್ಸಿಗೆ ಬಂದರೆ ಅಲ್ಲಿ ಆಯ್ದು, ತೆಪ್ಪ ಕಟ್ಟಿ, ಯೋನ್ ಮತ್ತು ಸೆನ್ ನದಿಗಳ ಮೇಲೆ ರಾಜಧಾನಿಗೆ ಒಯ್ಯುತ್ತಿದ್ದರು. ಕಾಲುವೆಗೂ ಮುಂಚೆ, ಹದಿನಾರನೇ ಶತಮಾನದಿಂದ ನಡೆದುಬಂದ ಕಸುಬು. ಕ್ಲಾಮ್ಸಿಯ ಸೇತುವೆಯ ಮೇಲೆ ತೆಪ್ಪದವನ ಪ್ರತಿಮೆಯೇ ಇದೆ. (ಓಸೇರ್ ಎಂಬ ಹೆಸರಿನ ಫ್ರೆಂಚ್ ಕಾಗುಣಿತದಲ್ಲಿ ‘ಎಕ್ಸ್’ ಇದೆ. ಅದನ್ನು ನೋಡಿ ಟಿಕೆಟ್ ಕೌಂಟರಿನಲ್ಲಿ ‘ಆಕ್ಸರ್’ ಎಂದರೆ ಪಾಪ, ಅವರಿಗೆ ತಿಳಿಯುವುದಿಲ್ಲ. ಅನುಭವದಿಂದ ಹೇಳುತ್ತಿದ್ದೇನೆ.)

ಬೋಟಿಗೆ ಲೈಸೆನ್ಸ್ ಬೇಕಿಲ್ಲ. ಬಾಡಿಗೆ ಕೊಡುವವರು ಅರ್ಧ ಗಂಟೆ ಪಾಠ ಮಾಡಿ, ಒಂದು ತಾತ್ಕಾಲಿಕ ಚೀಟಿ ಕೊಟ್ಟು, ಹತ್ತು ಮೀಟರ್ ಉದ್ದದ ಬೋಟನ್ನು ಕೈಗಿಡುತ್ತಾರೆ. ನಮಗೆ ಪಾಠ ಮಾಡಿದವರಿಗೆ ಬೇರೆಲ್ಲೋ ಹೋಗುವ ಅವಸರ. ಶೌಚಾಲಯದ ಪಂಪ್ ಹೇಗೆ ಒತ್ತಬೇಕೆಂದು ಹೇಳಲೇ ಇಲ್ಲ; ಎರಡನೇ ದಿನ ಅದು ಕೈಕೊಟ್ಟಿತು, ಕೊನೆಯ ದಿನ ಮುಂಗಡದಲ್ಲಿ ಮುರಿದುಕೊಂಡರು. ಸಂಸ್ಥೆಯ ಹೆಸರು ಬೇಡ. ನೀವು ಯಾರಿಂದಲೇ ಬಾಡಿಗೆಗೆ ಪಡೆಯಿರಿ, ಹೊರಡುವ ಮುಂಚೆ ಪ್ರತಿ ಮೂಲೆಯ ಫೋಟೋ ತೆಗೆದುಕೊಳ್ಳಿ.

ಇನ್ನು ಲೆಕ್ಕ. ಓಸೇರಿನಿಂದ ಕ್ಲಾಮ್ಸಿಗೆ ನೀರಿನ ದಾರಿ ಸುಮಾರು 60 ಕಿ.ಮೀ. ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 6 ಕಿ.ಮೀ. ಅಲ್ಲಿಗೆ ಹತ್ತು ಗಂಟೆ. ಅದರ ಮೇಲೆ ಮೂವತ್ತಕ್ಕೂ ಹೆಚ್ಚು ಎಕ್ಲೂಸ್‌ಗಳು, ಅಂದರೆ ಲಾಕ್‌ಗಳು: ನೀರು ತುಂಬಿಸಿಯೋ ಖಾಲಿ ಮಾಡಿಯೋ ಬೋಟನ್ನು ಏರಿಸಿ ಇಳಿಸುವ, ಎರಡೂ ಕಡೆ ಬಾಗಿಲಿರುವ ತೊಟ್ಟಿಗಳು. ಒಂದೊಂದಕ್ಕೆ ನಮಗೆ ಕಾಲು ಗಂಟೆ, ಎದುರಿನಿಂದ ಬೋಟ್ ಬಂದರೆ ಅರ್ಧ ಗಂಟೆ. ಮಧ್ಯಾಹ್ನ ಹನ್ನೆರಡಾಯಿತೋ, ಲಾಕ್ ಕಾಯುವವರು ಊಟಕ್ಕೆ ಹೋದರು. ನೀವು ಬಾಗಿಲ ಮುಂದೆಯೇ ನಿಂತಿದ್ದರೂ ಅಷ್ಟೆ. ಒಂದು ಗಂಟೆ ಹೊಡೆಯುವವರೆಗೆ ಬಾಗಿಲು ತೆರೆಯುವುದಿಲ್ಲ. ಮೊದಲ ದಿನ ನನಗೆ ಸಿಟ್ಟು ಬಂದಿತ್ತು. ಮೂರನೇ ದಿನಕ್ಕೆ ನಾವೂ ಸರಿಯಾಗಿ ಹನ್ನೆರಡಕ್ಕೆ ತಟ್ಟೆ ಹಾಕಿಕೊಂಡು ಕೂರಲು ಕಲಿತಿದ್ದೆವು.

ಬೋಟಿನ ನಿಜವಾದ ಸುಖ ಇರುವುದು ಈ ಲಾಕ್‌ಗಳಲ್ಲೇ. ಕ್ಲಾಮ್ಸಿ ಕಡೆಗೆ ಹೋಗುವುದೆಂದರೆ ಏರುದಾರಿ. ಪಾಚಿ ಕಟ್ಟಿದ ಕಲ್ಲಿನ ಆಳವಾದ ತೊಟ್ಟಿಯೊಳಗೆ ಬೋಟ್ ನುಗ್ಗಿಸಬೇಕು. ಹೆಂಡತಿ ಜಾರುವ ಕಬ್ಬಿಣದ ಏಣಿ ಹತ್ತಿ ಹಗ್ಗವನ್ನು ಗೂಟಕ್ಕೆ ಸುತ್ತುವಳು. ಹಿಂದಿನ ಬಾಗಿಲು ಮುಚ್ಚುತ್ತದೆ, ಮುಂದಿನ ಬಾಗಿಲಿನ ಕಿಂಡಿ ತೆರೆದೊಡನೆ ನೀರು ಭೋರೆಂದು ನುಗ್ಗುತ್ತದೆ, ಬೋಟ್ ಎಳೆಗರುವಿನ ಹಾಗೆ ಹಗ್ಗ ಜಗ್ಗುತ್ತದೆ. ಐದಾರು ನಿಮಿಷದಲ್ಲಿ ಕತ್ತಲೆ ಗುಂಡಿಯಿಂದ ಮೇಲೆದ್ದರೆ ಎದುರಿಗೆ ಹೂಕುಂಡಗಳ ಪುಟ್ಟ ಮನೆ, ಬೇಲಿಯಲ್ಲಿ ಕೋಳಿ, ರಾಟೆ ತಿರುಗಿಸುವ ಹುಡುಗಿ. ರಾಟೆಯ ಇನ್ನೊಂದು ಪಕ್ಕ ತಿರುಗಿಸಲು ನಾವು ಕೈಜೋಡಿಸಿದರೆ ಅವರಿಗೆ ಖುಷಿ. ಮಗಳು ಅಷ್ಟೂ ಲಾಕ್‌ಗಳಲ್ಲಿ ‘ಬೋಂಜೂರ್’ ಹೇಳಿ ಹೇಳಿ ಫ್ರೆಂಚರಂತೆಯೇ ರಾಗ ಎಳೆಯಲು ಕಲಿತಳು. ಒಂದು ಲಾಕ್‌ನಲ್ಲಿ, ನೀರು ತುಂಬುತ್ತಿರುವಾಗಲೇ, ಒಳಗೆ ಬೇಳೆ ಇಟ್ಟಿದ್ದ ಕುಕ್ಕರ್ ಶಿಳ್ಳೆ ಹಾಕಿತು. ಲಾಕ್ ಕಾಯುವಾತ ಬೆಚ್ಚಿ ಎಂಜಿನ್ ಕಡೆ ಬಗ್ಗಿ ನೋಡಿದ. ಸಾರಿನ ವಾಸನೆ ಬಂದ ಮೇಲೆ ನಕ್ಕ.

ಆ ಕುಕ್ಕರೇ ಬೋಟಿನ ಎರಡನೇ ಹೆಚ್ಚುಗಾರಿಕೆ. ಅಪ್ಪ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಈ ಹಳ್ಳಿಗಳಲ್ಲಿ ಅಂಥವರಿಗೆ ಹೋಟೆಲೆಂದರೆ ಬ್ರೆಡ್ಡು, ಚೀಸು, ಎಲೆ. ಹೊರಟದ್ದು ಸೋಮವಾರ, ಭಾನುವಾರ ಮಧ್ಯಾಹ್ನ ಎಳೆದ ಅಂಗಡಿಗಳ ಬಾಗಿಲು ಅನೇಕ ಕಡೆ ಸೋಮವಾರವೂ ಮೇಲೆ ಹೋಗುವುದಿಲ್ಲ. ಅಕ್ಕಿ ಬೇಳೆ ಮನೆಯಿಂದ ಹೊತ್ತು ತಂದಿದ್ದೆವು, ಬಚಾವ್.

ಸೈಕಲ್ ಸಲ ಅತಿಥಿಗೃಹಗಳಲ್ಲಿ ತಿಂದೆ. ನಾನು ಮೊಟ್ಟೆ ತಿನ್ನುವವನು, ಆದ್ದರಿಂದ ಆಮ್ಲೆಟ್, ಆಡಿನ ಚೀಸಿನ ಸಲಾಡ್, ಮತ್ತೆ ಆಮ್ಲೆಟ್. ಚೀಸ್ ಹಾಕಿ ಉಬ್ಬಿಸಿ ಬೇಯಿಸಿದ ಗುಜೇರ್ ಎಂಬ ಬೋಂಡದಂಥ ತಿಂಡಿ ಬಿಸಿಬಿಸಿ ಸಿಕ್ಕರೆ ಮಾತ್ರ ಬಿಡಬೇಡಿ. ಮೊದಲೇ ಫೋನ್ ಮಾಡಿ ಮಾಂಸ, ಮೀನು ಎರಡೂ ಬೇಡ ಎಂದು ಬಿಡಿಸಿ ಹೇಳಿ. ಬರೇ ‘ವೆಜಿಟೇರಿಯನ್’ ಎಂದಿದ್ದಕ್ಕೆ ನನ್ನ ಸಲಾಡಿನಲ್ಲಿ ಹಂದಿಮಾಂಸದ ಚೂರುಗಳಿದ್ದವು. ಅಷ್ಟು ಚಿಕ್ಕದು ಲೆಕ್ಕಕ್ಕಿಲ್ಲವಂತೆ!

ದುಡ್ಡಿನ ಮಾತು: ಬೋಟಿಗೆ ಸೋಮವಾರದಿಂದ ಶುಕ್ರವಾರಕ್ಕೆ 1,400 ಯೂರೋ ಆಸುಪಾಸು. ಡೀಸೆಲ್ಲನ್ನು ಎಂಜಿನ್ ಓಡಿದ ಗಂಟೆಯ ಲೆಕ್ಕದಲ್ಲಿ ಬೇರೆ ಕೊಡಬೇಕು, ಒಂದು ಊರಿನಲ್ಲಿ ಹತ್ತಿ ಇನ್ನೊಂದು ಊರಿನಲ್ಲಿ ಬಿಟ್ಟಿದ್ದಕ್ಕೆ ಇನ್ನಷ್ಟು. ಸೈಕಲ್ಲಿನ ಮೂರು ದಿನ, ಎರಡು ರಾತ್ರಿ ನನಗೆ 300 ಯೂರೋ ಒಳಗೆ ಮುಗಿಯಿತು. ನಾಲ್ಕು ಜನಕ್ಕೆ ಹಂಚಿದರೆ ಅಂತರ ಅಷ್ಟೇನೂ ದೊಡ್ಡದಲ್ಲ.

ಸೈಕಲ್ ಓಡಿಸುವುದು ಹಿಂದೆ ಆಳುಗಳೂ ಕುದುರೆಗಳೂ ದೋಣಿ ಎಳೆಯುತ್ತಿದ್ದ ದಂಡೆಯ ದಾರಿಯಲ್ಲಿ. ಸಪಾಟು ನೆಲ, ಬಹಳ ಕಡೆ ಮರದ ನೆರಳು. ನಿಜ ಹೇಳಬೇಕೆಂದರೆ ಹತ್ತು ಕಿಲೋಮೀಟರ್ ಆದ ಮೇಲೆ ಬೇಸರ ಬರುತ್ತದೆ. ಎಡಕ್ಕೆ ನೀರು, ಬಲಕ್ಕೆ ಹುಲ್ಲು, ಮುಂದೆ ಮತ್ತೊಂದು ಲಾಕ್. ಬೋಟಿನಲ್ಲಿ ಕೈಗೆ ಕೆಲಸ ಇರುತ್ತದೆ, ಬೇಸರಕ್ಕೆ ಪುರುಸೊತ್ತಿಲ್ಲ. ಮೊದಲ ದಿನ ಮಧ್ಯಾಹ್ನದ ಮಳೆಯಲ್ಲಿ ನೆನೆಯುತ್ತಾ, ಹೋದ ವರ್ಷ ಇದೇ ಹೊತ್ತಿಗೆ ಬಿಸಿ ಕಾಫಿ ಕುಡಿಯುತ್ತಿದ್ದೆನಲ್ಲ ಎಂದುಕೊಂಡೆ. ರಾತ್ರಿಯೂ ಅಷ್ಟೆ. ದಂಡೆಗೆ ಗೂಟ ಹೊಡೆದು ಕಟ್ಟಿದ ಬೋಟಿನಲ್ಲಿ ಮಲಗಿ, ಬೆಳಗ್ಗೆ ಕಿಟಕಿ ತೆರೆದರೆ ನೀರಿನಿಂದ ಮಂಜು ಏಳುತ್ತಿರುವುದು ಕೈಯಳತೆಯಲ್ಲಿ ಕಾಣುತ್ತದೆ. ಅದಕ್ಕೆ ಸಾಟಿಯಾದದ್ದು ಸೈಕಲ್ಲಿನಲ್ಲಿ ನನಗೆ ಸಿಗಲಿಲ್ಲ.

ಆದರೆ ಬೋಟಿನಲ್ಲಿ ನಾವು ಕಾಲುವೆ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಸೋಸ್ವಾದ ಸುಣ್ಣದ ಬಂಡೆಗೋಡೆಗಳ ಮೇಲೆ ಹಗ್ಗ ಕಟ್ಟಿಕೊಂಡು ಹತ್ತುತ್ತಿದ್ದವರನ್ನು ನೀರಿನಿಂದಲೇ ಕೈಬೀಸಿ ದಾಟಿದ್ದೆವು. ಮಯ್ಯಿ-ಲ-ಶಾತೊ ಊರು ಗುಡ್ಡದ ಮೇಲಿದೆ ಎಂದು ತಲೆಯೆತ್ತಿ ನೋಡಿ ಸುಮ್ಮನಾಗಿದ್ದೆವು. ಸೈಕಲ್ಲಿನಲ್ಲಿ ಶಾತೆಲ್-ಸಾಂಸ್ವಾರ್ ಊರಲ್ಲಿ ಎರಡು ರಾತ್ರಿ ಉಳಿದು, ನಡುವಿನ ದಿನ ವೆಝಲೆಗೆ ಹೋಗಿ ಬಂದೆ. ಕೊನೆಯ ಏರು ತಳ್ಳಿಕೊಂಡೇ ಹತ್ತಿದ್ದು, ಅದರಲ್ಲಿ ನಾಚಿಕೆ ಏನಿಲ್ಲ. ತುದಿಯಲ್ಲಿ ಮೇರಿ ಮಗ್ದಲೀನಳ ಹಳೆಯ ಬಸಿಲಿಕಾ, ಅಂದರೆ ದೊಡ್ಡ ಚರ್ಚು, 1979ರಿಂದ ಯುನೆಸ್ಕೋ ಪಟ್ಟಿಯಲ್ಲಿರುವಂಥದು. ಅದೇ ಊರಲ್ಲಿ ಫ್ರೆಂಚ್ ಲೇಖಕ ರೊಮಾಂ ರೊಲಾಂ ಕೊನೆಯ ವರ್ಷಗಳನ್ನು ಕಳೆದು 1944ರಲ್ಲಿ ತೀರಿಕೊಂಡರು. ಹುಟ್ಟಿದ್ದು ಕ್ಲಾಮ್ಸಿಯಲ್ಲಿ, 1866ರಲ್ಲಿ. ಭಾರತಕ್ಕೆ ಒಮ್ಮೆಯೂ ಬಾರದೆ ರಾಮಕೃಷ್ಣ, ವಿವೇಕಾನಂದ, ಗಾಂಧಿ ಮೂವರ ಬಗ್ಗೆಯೂ ಬರೆದವರು. ಅಪ್ಪನಿಗೆ ಆ ಹೆಸರು ವಿವೇಕಾನಂದರಿಂದಾಗಿ ಗೊತ್ತಿತ್ತು, ಕ್ಲಾಮ್ಸಿಯಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯ ಇದೆ ಎಂದಾಗ ಕಣ್ಣರಳಿಸಿದ್ದರು. ಆದರೆ ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಬೋಟ್ ಒಪ್ಪಿಸಬೇಕು, ಹಿಂದೆಯೇ ರೈಲು. ನೋಡಲಾಗಲಿಲ್ಲ.

ಅಪ್ಪ, ಅಮ್ಮ, ಸಣ್ಣ ಮಕ್ಕಳು ಜೊತೆಗಿದ್ದರೆ ಬೋಟನ್ನೇ ಹಿಡಿಯಿರಿ ಎಂದು ಹೇಳುತ್ತೇನೆ. ನಾಲ್ಕು ದಿನಕ್ಕಲ್ಲ, ಒಂದು ವಾರಕ್ಕೆ, ಮತ್ತು ಬೋಟಿನ ಮೇಲೆ ಎರಡು ಬಾಡಿಗೆ ಸೈಕಲ್ ಇಟ್ಟುಕೊಂಡು. ಒಬ್ಬರೋ ಇಬ್ಬರೋ ಆದರೆ ಸೈಕಲ್ ಸಾಕು. ಪಕ್ಕದ ಬರ್ಗಂಡಿ ಕಾಲುವೆಗೆ ಮೊದಲ ಸಲವೇ ಬೋಟ್ ಹಾಕಬೇಡಿ, 242 ಕಿ.ಮೀ.ಗೆ 189 ಲಾಕ್, ತೋಳು ಬಿದ್ದುಹೋಗುತ್ತದೆ.

ನಾನು ಎರಡನೇ ಸಲ ಹೋದದ್ದಕ್ಕೆ ಇನ್ನೊಂದು ಕಾರಣವಿತ್ತು. ಈ ಭಾಗದಲ್ಲಿ ಕಾಲುವೆ ಅಲ್ಲಲ್ಲಿ ನದಿಯೊಳಗೇ ಸೇರಿ ಮತ್ತೆ ಬೇರೆಯಾಗುತ್ತದೆ. ಅಂಥ ಕಡೆ ನದಿಯ ನೀರು ನಿಲ್ಲಿಸಲು ಒಡ್ಡು ಬೇಕು. ಕ್ಲಾಮ್ಸಿ ಬಳಿಯ ಬಾಸ್‌ವೀಲ್‌ನಲ್ಲಿ 1834ರಲ್ಲಿ ಪ್ವಾರೆ ಎಂಬ ಎಂಜಿನಿಯರ್ ‘ಸೂಜಿ ಒಡ್ಡು’ ಕಟ್ಟಿದ. ಕಬ್ಬಿಣದ ಚೌಕಟ್ಟಿಗೆ ಒರಗಿಸಿ ಮರದ ಪಟ್ಟಿಗಳನ್ನು ಸಾಲಾಗಿ ನಿಲ್ಲಿಸುವುದು. ನೀರು ಹೆಚ್ಚಾದರೆ ಒಂದೊಂದೇ ಕಿತ್ತು, ನೆರೆ ಬಂದರೆ ಚೌಕಟ್ಟನ್ನೇ ನದಿಯ ತಳಕ್ಕೆ ಮಲಗಿಸುವುದು. ಬೋಟ್ ಅಂಥದೊಂದು ಒಡ್ಡಿನ ಮುಂದೆ ಹಾದಾಗ ಅಪ್ಪ ಎದ್ದು ನಿಂತು, ‘ಇದು ನಮ್ಮ ಕಿಂಡಿ ಅಣೆಕಟ್ಟಲ್ವಾ!’ ಎಂದಿದ್ದರು. ಅಡಿಕೆ ತೋಟಕ್ಕೆ ನೀರು ನಿಲ್ಲಿಸಲು ಮಳೆಗಾಲ ಕಳೆದ ಮೇಲೆ ವರ್ಷವರ್ಷ ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿದ ಕೈ ಅವರದು. ನಿಲ್ಲಿಸು ಎಂದರು. ಪ್ರವಾಹ ಎಳೆಯುತ್ತಿತ್ತು, ಹಿಂದೆ ಇನ್ನೊಂದು ಬೋಟ್ ಇತ್ತು, ನಿಲ್ಲಿಸಲಾಗಲಿಲ್ಲ.

ಸೈಕಲ್ಲನ್ನು ಬೇಲಿಗೆ ಒರಗಿಸಿ ಅಲ್ಲಿ ಒಂದು ಗಂಟೆ ನಿಂತೆ. ಹಲಗೆಗಳ ಸಂದಿಯಿಂದ ನೀರು ಸಣ್ಣಗೆ ಸೋರುತ್ತಿತ್ತು, ನಮ್ಮೂರಿನಲ್ಲಿ ಸೋರಿದಂತೆಯೇ. ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: ‘ನಡುವೆ ಮಣ್ಣು ಹಾಕುದಿಲ್ವಾ ಅವರು?’