ಮೂರು ವರ್ಷ ರಿಜಿಸ್ಟ್ರಿ ಕ್ಲೀನರ್ ಬಳಸಿದ ಮೇಲೆ: ಕುಮಟಾದ ಒಂದು ಝೆರಾಕ್ಸ್ ಅಂಗಡಿಯಿಂದ

ಕುಮಟಾದಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಝೆರಾಕ್ಸ್, ಲ್ಯಾಮಿನೇಶನ್, ಪಹಣಿ ಪ್ರಿಂಟು, ಆನ್‌ಲೈನ್ ಅರ್ಜಿ, ಜೊತೆಗೆ ಮದುವೆ ಕಾಗದ ಮತ್ತು ಯಕ್ಷಗಾನದ ಹ್ಯಾಂಡ್‌ಬಿಲ್ಲು. ಎರಡು ಕಂಪ್ಯೂಟರ್ ಇವೆ, ಒಂದು ಕೌಂಟರ್ ಹತ್ತಿರ, ಇನ್ನೊಂದು ಹಿಂದಿನ ಕೋಣೆಯಲ್ಲಿ. ಎರಡೂ ವಿಂಡೋಸ್ 10. ಮೂರು ವರ್ಷ ದುಡ್ಡು ಕೊಟ್ಟು ಒಂದು ರಿಜಿಸ್ಟ್ರಿ ಕ್ಲೀನರ್ ಬಳಸಿದೆ, ಅಂದರೆ ವಿಂಡೋಸಿನ ಸೆಟ್ಟಿಂಗ್ ದಾಖಲೆಯಲ್ಲಿ ಹಳೇ ನಮೂದು ಹುಡುಕಿ ಅಳಿಸುವ ಸಾಫ್ಟ್‌ವೇರ್. ಹೆಸರು ಹೇಳುವುದಿಲ್ಲ, ಯಾಕೆಂದರೆ ಈ ಜಾತಿಯ ಸಾಫ್ಟ್‌ವೇರ್ ಎಲ್ಲಾ ಹೆಚ್ಚುಕಡಿಮೆ ಇದೇ ಕೆಲಸ ಮಾಡೋದು.

ಕೌಂಟರ್ ಕಂಪ್ಯೂಟರ್ ಆನ್ ಆಗ್ಲಿಕ್ಕೆ ಎರಡೂವರೆ ನಿಮಿಷ ಬೇಕಿತ್ತು. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಆಧಾರ್ ಕಾರ್ಡ್ ಹಿಡಿದುಕೊಂಡು ಮೂರು ಜನ ನಿಂತಿರ್ತಾರೆ, ಅವರೆದುರು ಆ ಪರದೆ ಸುತ್ತುತ್ತಾ ಕೂತರೆ ನಮಗೇ ನಾಚಿಕೆ. ಒಂದು ದಿನ ಫ್ರೀ ಸ್ಕ್ಯಾನ್ ಹಾಕಿದೆ. 873 ತಪ್ಪುಗಳಿವೆ ಅಂತ ಕೆಂಪಕ್ಷರದಲ್ಲಿ ಬಂತು. ಸ್ಕ್ಯಾನ್ ಫ್ರೀ, ಸರಿ ಮಾಡ್ಲಿಕ್ಕೆ ದುಡ್ಡು. ಕೊಟ್ಟೆ. ಎಲ್ಲಾ ಒರೆಸಿದ ಮೇಲೆ ಮೊಬೈಲ್ ಸ್ಟಾಪ್‌ವಾಚ್ ಹಿಡಿದು ರೀಸ್ಟಾರ್ಟ್ ಮಾಡಿದೆ. ಮೊದಲು 2 ನಿಮಿಷ 34 ಸೆಕೆಂಡ್ ಇತ್ತು, ಈಗ 2 ನಿಮಿಷ 31 ಸೆಕೆಂಡ್. ಮೂರು ಸೆಕೆಂಡು! ಆದರೂ ದುಡ್ಡು ಕೊಟ್ಟಾಗಿತ್ತಲ್ಲ, ಸ್ಪೀಡ್ ಆಗಿದೆ ಅಂತಲೇ ಅನ್ನಿಸಿತು. ಮರುದಿನ ಮತ್ತೆ ಸ್ಕ್ಯಾನ್ ಹಾಕಿದರೆ 61 ತಪ್ಪು. ಮಳೆಗಾಲದಲ್ಲಿ ಗೋಡೆಯ ಬೂಸು ಒರೆಸಿದ ಹಾಗೆ, ಒರೆಸಿದಷ್ಟೂ ಬರ್ತಿತ್ತು.

ಈ ತಪ್ಪುಗಳು ಏನು ಅಂತ ಒಂದೊಂದೇ ಓದಿ ನೋಡಿದ್ದು ಬಹಳ ತಡವಾಗಿ. ಯಾವಾಗಲೋ ತೆಗೆದುಹಾಕಿದ ಪ್ರಿಂಟರಿನ ಹೆಸರು, ಅಳಿಸಿದ ಫೈಲಿನ ದಾರಿ, ಇತ್ತೀಚೆಗೆ ತೆರೆದ ಕಡತಗಳ ಪಟ್ಟಿ. ಅಷ್ಟೇ. ರಿಜಿಸ್ಟ್ರಿ ಅಂದರೆ ವಿಂಡೋಸ್ ಮತ್ತು ಸಾಫ್ಟ್‌ವೇರ್‌ಗಳು ತಮ್ಮ ಸೆಟ್ಟಿಂಗ್ ಬರೆದಿಡುವ ಜಾಗ, ವಿಂಡೋಸ್ 95 ಕಾಲದಿಂದ ಎಲ್ಲದಕ್ಕೂ ಅದೇ ಆಧಾರ. ಅದರಲ್ಲಿ ಲಕ್ಷಗಟ್ಟಲೆ ನಮೂದು ಇರ್ತವೆ. ಆದರೆ ಕಂಪ್ಯೂಟರ್ ಅದನ್ನು ಮೊದಲಿಂದ ಕೊನೆವರೆಗೆ ಓದ್ತಾ ಕೂರುವುದಿಲ್ಲ. ನಾವು ಪಹಣಿ ತೆಗೆಯುವಾಗ ತಾಲೂಕು, ಹೋಬಳಿ, ಊರು, ಸರ್ವೆ ನಂಬರ್ ಹಾಕ್ತೇವೆ, ಆ ಒಂದು ಪಹಣಿ ಬರ್ತದೆ. ಪಕ್ಕದ ಸರ್ವೆ ನಂಬರ್ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದ್ದರೆ ನಮ್ಮ ಪ್ರಿಂಟು ನಿಧಾನ ಆಗ್ತದಾ? ಇಲ್ಲ. (ಅಜ್ಜನ ಹೆಸರಲ್ಲಿರೋದು ನಮ್ಮ ಕಡೆ ಎಷ್ಟಿವೆ ಅಂತ ಕೇಳಬೇಡಿ.) ಇಲ್ಲೂ ಹಾಗೇ. 873 ಹಳೇ ನಮೂದು ತೆಗೆದರೆ ಉಳಿಯುವ ಜಾಗ ಒಂದು ಮೊಬೈಲ್ ಫೋಟೋದಷ್ಟೂ ಇಲ್ಲ.

ಎರಡು ವರ್ಷ ಉಪಯೋಗವೂ ಇಲ್ಲ, ತೊಂದರೆಯೂ ಇಲ್ಲ ಅನ್ನುವ ಹಾಗೆ ನಡೀತು. ಮೂರನೇ ವರ್ಷ ಪೆಟ್ಟು ಬಿತ್ತು.

ಮಳೆಗಾಲ, ಕರೆಂಟು ಹೋಗಿತ್ತು. ಹಿಂದಿನ ಕೋಣೆಯ ಯುಪಿಎಸ್ ಬ್ಯಾಟರಿ ಕೈಕೊಟ್ಟು ಆ ಕಂಪ್ಯೂಟರ್ ಆಫ್. ಕೌಂಟರಿನದ್ದು ಮಾತ್ರ ಓಡ್ತಿತ್ತು. ಗಿರಾಕಿ ಯಾರೂ ಇಲ್ಲ, ಸುಮ್ನೆ ಕೂರೋದ್ಯಾಕೆ ಅಂತ ಕ್ಲೀನರ್ ಹಾಕಿದೆ. ನಮ್ಮ ಡಿಟಿಪಿ (ಪುಟ ವಿನ್ಯಾಸದ) ಸಾಫ್ಟ್‌ವೇರಿನ ಟೆಂಪ್ಲೇಟು, ಅದರ ಕೆಲವು ಫೈಲು ಎಲ್ಲಾ ಹಿಂದಿನ ಕಂಪ್ಯೂಟರಿನಲ್ಲಿ, ನೆಟ್‌ವರ್ಕ್ ಮೂಲಕ ಝಡ್ ಡ್ರೈವ್ ಅಂತ ಜೋಡಿಸಿದ್ದು. ಆ ಕಂಪ್ಯೂಟರ್ ಆಫ್ ಇದ್ದಿದ್ದಕ್ಕೆ ಝಡ್ ಡ್ರೈವ್ ಇಲ್ಲ. ಕ್ಲೀನರ್ ನೋಡ್ತು, ಈ ದಾರಿಯಲ್ಲಿ ಫೈಲೇ ಇಲ್ಲ, ಹಾಗಾದ್ರೆ ಇದು ಕಸ. ನಾನು ಪಟ್ಟಿ ಓದದೆ ಎಲ್ಲಾ ಅಳಿಸು ಅಂತ ಒತ್ತಿದೆ. ಫೈಲು ಅಳಿಸಿಹೋಗಿದೆಯಾ, ಇಲ್ಲಾ ಕರೆಂಟಿಲ್ಲದೆ ಕಾಣ್ತಿಲ್ಲವಾ ಅಂತ ಅದಕ್ಕೆ ಹೇಗೆ ಗೊತ್ತಾಗ್ತದೆ? ಪೆನ್‌ಡ್ರೈವ್, ಹೊರಗಿನ ಹಾರ್ಡ್ ಡಿಸ್ಕ್ ತೆಗೆದಿಟ್ಟಾಗಲೂ ಇದೇ ಗತಿ.

ಕರೆಂಟು ಬಂದ ಮೇಲೆ ಸಾಫ್ಟ್‌ವೇರ್ ತೆರೆದರೆ ನೋಂದಣಿ ಆಗಿಲ್ಲ ಅಂತು. ಸ್ಕ್ಯಾನರೂ ಕಾಣ್ತಿಲ್ಲ. ಕ್ಲೀನರ್ ಮಾಡಿಟ್ಟ ಬ್ಯಾಕಪ್ ಫೈಲ್ ಇತ್ತು, ಡಬಲ್ ಕ್ಲಿಕ್ ಮಾಡಿದೆ. ಎಲ್ಲಾ ಮಾಹಿತಿ ಬರೆಯಲಾಗಲಿಲ್ಲ, ಕೆಲವು ಕೀಗಳನ್ನು (ರಿಜಿಸ್ಟ್ರಿಯೊಳಗಿನ ವಿಭಾಗಗಳನ್ನು) ಸಿಸ್ಟಮ್ ಬಳಸ್ತಾ ಇದೆ ಅಂತ ಸಂದೇಶ. ಸ್ಕ್ಯಾನರ್ ಬಂತು, ಡಿಟಿಪಿ ಬರಲಿಲ್ಲ. ಕಂಪ್ಯೂಟರನ್ನು ಹಿಂದಿನ ಸ್ಥಿತಿಗೆ ಮರಳಿಸುವ ಸಿಸ್ಟಮ್ ರಿಸ್ಟೋರ್ ನಾನೇ ಜಾಗ ಉಳಿಸ್ಲಿಕ್ಕೆ ಅಂತ ಆಫ್ ಮಾಡಿಟ್ಟಿದ್ದೆ, ಶಾಣ್ಯಾತನ! ಕೊನೆಗೆ ಸಿಸ್ಟಮ್32 ಒಳಗೆ ಕಾನ್ಫಿಗ್, ಅದರೊಳಗೆ ರೆಗ್‌ಬ್ಯಾಕ್ ಫೋಲ್ಡರ್ ತೆರೆದೆ, ಮೊದಲೆಲ್ಲಾ ವಿಂಡೋಸ್ ರಿಜಿಸ್ಟ್ರಿಯ ನಕಲು ಇಡ್ತಿದ್ದ ಜಾಗ. ಐದೂ ಫೈಲು ಸಾಲಾಗಿ ಇದ್ದವು, ಎಲ್ಲದರ ಸೈಜ್ ಮುಂದೆ 0 ಕೆಬಿ. ವಿಂಡೋಸ್ 10ರ 1803 ಆವೃತ್ತಿಯಿಂದ ಅಲ್ಲಿ ತಾನಾಗಿ ಬ್ಯಾಕಪ್ ಇಡುವುದನ್ನೇ ನಿಲ್ಲಿಸಿದ್ದಾರೆ. ಡೀಲರ್‌ಗೆ ಫೋನ್ ಹಾಕಿ ಲೈಸೆನ್ಸ್ ಮತ್ತೆ ಕೊಡಿಸಿಕೊಂಡು ಇನ್‌ಸ್ಟಾಲ್ ಮಾಡುವಷ್ಟರಲ್ಲಿ ಎರಡು ದಿನ ಹೋಯ್ತು.

ಆಗ ತಂಗಿ ಮಗ ರಜೆಗೆ ಬಂದಿದ್ದ. "ಮಾವ, ಆ ರಿಜಿಸ್ಟ್ರಿ ಬಿಡಿ, ಮೊದಲು ಡಬ್ಬಿ ಬಿಚ್ಚಿ ನೋಡುವ" ಅಂದ. ಬಿಚ್ಚಿದರೆ ಸ್ಕ್ರೂ ಎಲ್ಲಾ ತುಕ್ಕು, ಸಮುದ್ರದ ಗಾಳಿ ಅಲ್ವಾ. ಫ್ಯಾನಿನಲ್ಲಿ ಕಾಗದದ ಧೂಳು ಹತ್ತಿಯ ಹಾಗೆ ಗಟ್ಟಿಯಾಗಿ ಕೂತಿತ್ತು. ರ‍್ಯಾಮ್ ತೆಗೆದು ಅದರ ಕಪ್ಪಾದ ತುದಿಯನ್ನು ಮಕ್ಕಳ ಪೆನ್ಸಿಲ್ ರಬ್ಬರಿನಲ್ಲಿ ಮೆತ್ತಗೆ ಉಜ್ಜಿದ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಬೇಡದ ಒಂಬತ್ತು ಆಫ್ ಮಾಡಿದ, ಅದರಲ್ಲಿ ನನ್ನ ಕ್ಲೀನರೂ ಒಂದು. ಹಳೇ ಹಾರ್ಡ್ ಡಿಸ್ಕ್ ತೆಗೆಸಿ ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿದೆವು. ಈಗ ಆನ್ ಆಗ್ಲಿಕ್ಕೆ 24 ಸೆಕೆಂಡ್. ಮೂರು ವರ್ಷದ ಚಂದಾ ಸೇರಿಸಿದರೆ ಎಸ್‌ಎಸ್‌ಡಿಗಿಂತ ಜಾಸ್ತಿಯೇ ಆಗಿತ್ತು!

ಆಮೇಲೆ ಓದಿದರೆ, ರಿಜಿಸ್ಟ್ರಿ ಕ್ಲೀನರ್ ಬಳಕೆಗೆ ನಮ್ಮ ಬೆಂಬಲ ಇಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ. ತೊಂಬತ್ತರ ದಶಕದಲ್ಲಿ ರೆಗ್‌ಕ್ಲೀನ್ ಅಂತ ಅವರದ್ದೇ ಒಂದು ಇತ್ತು, ಅದನ್ನೂ ಬಿಟ್ಟರು. ಇನ್ನೊಂದು ಭಯ ಬೇರೆ. ಇಂಥ ಸಾಫ್ಟ್‌ವೇರ್‌ಗೆ ನಾವು ಅಡ್ಮಿನ್ ಅಧಿಕಾರ ಕೊಟ್ಟಿರ್ತೇವೆ. 2017ರಲ್ಲಿ ಇಂಥದೇ ಇನ್ನೊಂದು ಸಾಫ್ಟ್‌ವೇರ್ ಸಿಕ್ಲೀನರ್‌ನ 5.33 ಆವೃತ್ತಿಯೊಳಗೆ ಹ್ಯಾಕರ್‌ಗಳು ಮಾಲ್‌ವೇರ್ ಸೇರಿಸಿದ್ದರು, ಕಂಪನಿಯ ಸ್ವಂತ ಡೌನ್‌ಲೋಡಿನಿಂದಲೇ ಅದು ಸುಮಾರು 22 ಲಕ್ಷ ಕಂಪ್ಯೂಟರ್‌ಗೆ ಹೋಯ್ತು. ನಾನು ಬಳಸಿದ್ದು ಅದಲ್ಲ, ಆದರೆ ಕೀಲಿಕೈ ಕೊಟ್ಟಿದ್ದಂತೂ ಹಾಗೇ.

ಏನೂ ಒಳ್ಳೇದಿಲ್ಲವಾ ಅಂದ್ರೆ, ಟೆಂಪ್ (ತಾತ್ಕಾಲಿಕ) ಫೈಲು ಅಳಿಸುವ ಭಾಗ ಪರವಾಗಿಲ್ಲ, ಜಾಗ ಉಳೀತದೆ. ಅದು ವಿಂಡೋಸ್‌ನ ಸ್ಟೋರೇಜ್ ಸೆನ್ಸ್‌ನಲ್ಲಿ ಬಿಟ್ಟಿಯಾಗಿಯೇ ಇದೆ. ಅಪರೂಪಕ್ಕೆ ಯಾವುದೋ ಹಳೇ ಡ್ರೈವರಿನ ನಮೂದು ಅಡ್ಡ ಬಂದರೆ, ಆ ಒಂದು ಕೀ ಮಾತ್ರ ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು ರಿಜಿಸ್ಟ್ರಿ ತಿದ್ದುವ ವಿಂಡೋಸ್‌ನದೇ ಸಾಧನ ರೆಜ್‌ಎಡಿಟ್‌ನಲ್ಲಿ ಕೈಯಾರೆ ತೆಗೀತೇನೆ. ಐದಕ್ಕೆ ಒಂದು ಸ್ಟಾರ್, ಅದೂ ಟೆಂಪ್ ಫೈಲಿಗೆ.

ಕಳೆದ ತಿಂಗಳು ಕ್ಲೀನರನ್ನು ಅನ್‌ಇನ್‌ಸ್ಟಾಲ್ ಮಾಡಿದೆ. ಕುತೂಹಲಕ್ಕೆ ರಿಜಿಸ್ಟ್ರಿಯಲ್ಲಿ ಅದರ ಹೆಸರು ಹುಡುಕಿದರೆ 14 ಕಡೆ ಇನ್ನೂ ಹಾಗೇ ಕೂತಿದೆ. ಇರಲಿ ಅಂತ ಬಿಟ್ಟಿದ್ದೇನೆ.