ಬ್ರಾಂಕ್ಸ್ ಗ್ರಾಫಿಟಿ ವಾಕ್: ಚೆನ್ನಾಗಿದೆ, ಆದರೆ ಬೆಂಚಿನ ಹತ್ತಿರ ಇನ್ನೂ ಹೊತ್ತು ಬೇಕಿತ್ತು

ನ್ಯೂಯಾರ್ಕ್ ನೋಡಲು ಬಂದ ನೆಂಟರನ್ನೆಲ್ಲ ಟೈಮ್ಸ್ ಸ್ಕ್ವೇರ್, ಲಿಬರ್ಟಿ ಪ್ರತಿಮೆ ಅಂತ ಸುತ್ತಿಸಿ ಸಾಕಾಗಿತ್ತು. ಈ ಸಲ ಹಾಸನದಿಂದ ಬಂದ ಅಣ್ಣನ ಮಗನನ್ನು ಊರಿನ ಬ್ರಾಂಕ್ಸ್ ಭಾಗದ ಗ್ರಾಫಿಟಿ ವಾಕ್‌ಗೆ ಕರೆದುಕೊಂಡು ಹೋದೆ. ಗ್ರಾಫಿಟಿ ಅಂದರೆ ಗೋಡೆ, ರೈಲುಗಳ ಮೇಲೆ ಯಾರನ್ನೂ ಕೇಳದೆ ಬರೆಯುವ ಬಣ್ಣದ ಬರಹ; ಅದರ ಜಾಗಗಳನ್ನು ನಡೆಸಿಕೊಂಡು ಹೋಗಿ ತೋರಿಸುತ್ತಾರೆ. ತಲೆಗೆ 35 ಡಾಲರ್, ಎರಡೂವರೆ ಗಂಟೆ, ಸಬ್‌ವೇ (ಇಲ್ಲಿನ ಮೆಟ್ರೊ ರೈಲು) ಖರ್ಚು ನಮ್ಮದೇ. ದುಡ್ಡಿಗೆ ಮೋಸವಿಲ್ಲ.

ಗೈಡ್ ಅರವತ್ತು ದಾಟಿದವರು, ಹುಡುಗನಾಗಿದ್ದಾಗ ತಾವೇ ರೈಲಿನ ಮೇಲೆ ಬರೆದವರು. ಆರ್ಟಿಸ್ಟ್ ಅಂದರೆ ತಿದ್ದುತ್ತಾರೆ, ನಾವು ರೈಟರ್‌ಗಳು ಅನ್ನುತ್ತಾರೆ. ಇದು ಶುರುವಾಗಿದ್ದೇ ಹೆಸರು ಬರೆಯುವುದರಿಂದ. 183ನೇ ಬೀದಿಯ ಹುಡುಗನೊಬ್ಬ ಮೆಸೆಂಜರ್ ಕೆಲಸಕ್ಕೆ ಓಡಾಡುತ್ತಾ ಹೋದಲ್ಲೆಲ್ಲ ಮಾರ್ಕರ್‌ನಲ್ಲಿ ‘ಟಾಕಿ 183’ ಅಂತ ಗೀಚಿದ. 1971ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಅವನ ಬಗ್ಗೆ ಬರೆಯಿತು. ಆಮೇಲೆ ಕೇಳಬೇಕಾ, ಎಷ್ಟೋ ಹುಡುಗರು ಮಾರ್ಕರ್ ಹಿಡಿದು ಹೊರಟರು.

ಇಡೀ ವಾಕ್‌ನ ಜೀವ ಇರುವುದು 149ನೇ ಬೀದಿ ಗ್ರ್ಯಾಂಡ್ ಕಾನ್‌ಕೋರ್ಸ್ ಸ್ಟೇಷನ್‌ನಲ್ಲಿ. 2 ಮತ್ತು 5ನೇ ನಂಬರ್ ರೈಲು ಬರುವ ಪ್ಲಾಟ್‌ಫಾರ್ಮಿನ ಕೊನೆಯಲ್ಲಿದ್ದ ಜಾಗಕ್ಕೆ ‘ರೈಟರ್ಸ್ ಬೆಂಚ್’ ಅಂತ ಹೆಸರು. 70ರ ದಶಕದಲ್ಲಿ ಶಾಲೆ ಬಿಟ್ಟ ಮೇಲೆ ಹುಡುಗರು ಇಲ್ಲಿ ಕೂತು, ರಾತ್ರಿ, ರೈಲುಗಳನ್ನು ನಿಲ್ಲಿಸುವ ಯಾರ್ಡ್‌ನಲ್ಲಿ, ಯಾರು ಏನು ಬರೆದಿದ್ದಾರೆ ಅಂತ ಬರುವ ಒಂದೊಂದು ರೈಲನ್ನೂ ನೋಡುತ್ತಿದ್ದರಂತೆ, ಒಬ್ಬರ ನೋಟ್‌ಬುಕ್ಕಿನಲ್ಲಿ ಇನ್ನೊಬ್ಬರು ಟ್ಯಾಗ್, ಅಂದರೆ ತಮ್ಮ ಹೆಸರಿನ ಸಹಿ, ಹಾಕುತ್ತಿದ್ದರಂತೆ, ಚೆನ್ನಾಗಿಲ್ಲದಿದ್ದರೆ ಮುಖಕ್ಕೇ ಹೇಳುತ್ತಿದ್ದರಂತೆ. ಈ ರೈಲುಗಳು ಬ್ರಾಂಕ್ಸ್‌ನಿಂದ ಮ್ಯಾನ್‌ಹಟನ್ ದಾಟಿ ಬ್ರೂಕ್ಲಿನ್‌ವರೆಗೆ ಹೋಗುತ್ತವೆ. ಬರೆದವನು ಮನೆಯಲ್ಲಿ ಮಲಗಿದ್ದರೂ ಅವನ ಹೆಸರು ಊರು ಸುತ್ತುತ್ತಿತ್ತು. ಬಡವರ ಮನೆಯ ಹುಡುಗನಿಗೆ ಅದು ಎಷ್ಟು ದೊಡ್ಡದು ಅಲ್ವಾ?

ಗೈಡ್ ತಮ್ಮ ಹಳೆಯ ಫೋಟೊ ಆಲ್ಬಮ್ ತೆಗೆದರು. ಒಂದು ಬೋಗಿಯ ಉದ್ದಕ್ಕೂ, ಕಿಟಕಿ ಸಮೇತ, ಮೇಲಿಂದ ಕೆಳಗೆ ಬಣ್ಣ. ಇದಕ್ಕೆ ‘ಹೋಲ್ ಕಾರ್’ ಅನ್ನುತ್ತಾರೆ. “ಚಿಕ್ಕಪ್ಪ, ಒಂದಕ್ಷರನೂ ಓದಕ್ಕಾಗ್ತಿಲ್ಲ” ಅಂದ ಹುಡುಗ. ಗೈಡ್ ಅಕ್ಷರಗಳ ಮೇಲೆ ಬೆರಳಾಡಿಸುತ್ತಾ, ಎಲ್ಲಿ ತಿರುವು, ಎಲ್ಲಿ ಬಾಣ, ಯಾವ ಅಕ್ಷರ ಯಾವುದರ ಕೆಳಗೆ ನುಗ್ಗಿದೆ ಅಂತ ತೋರಿಸಿದ ಮೇಲೆ ಇಬ್ಬರಿಗೂ ಕಂಡಿತು. ಆ ಕ್ಷಣಕ್ಕೇ ನಾನು 35 ಡಾಲರ್ ಕೊಡುತ್ತೇನೆ.

ಕಿಟಕಿ ಮುಚ್ಚಿದರೆ ಯಾವ ಸ್ಟೇಷನ್ ಬಂತು ಅಂತ ಜನರಿಗೆ ಹೇಗೆ ಗೊತ್ತಾಗಬೇಕು ಅಂತ ಕೇಳಿದೆ. ಹೌದು, ಜನ ಬೈಯುತ್ತಿದ್ದರು, ಹೆದರುತ್ತಲೂ ಇದ್ದರು ಅಂತ ಒಪ್ಪಿಕೊಂಡರು. ಮೈಕಲ್ ಸ್ಟೀವರ್ಟ್ ಬಗ್ಗೆಯೂ ಅವರೇ ಹೇಳಿದರು. 1983ರಲ್ಲಿ, ಸ್ಟೇಷನ್ ಗೋಡೆ ಮೇಲೆ ಬರೆದ ಅಂತ ಪೊಲೀಸರು ಹಿಡಿದ 25 ವರ್ಷದ ಹುಡುಗ. ಕೋಮಾಕ್ಕೆ ಹೋದವನು ಮತ್ತೆ ಏಳಲಿಲ್ಲ. ಅಷ್ಟು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು.

ಇಷ್ಟೆಲ್ಲ ಇರುವ ಜಾಗದಲ್ಲಿ ನಿಂತಿದ್ದು ಬರೀ ಇಪ್ಪತ್ತು ನಿಮಿಷ! ಆಮೇಲೆ ಒಂದು ಗಂಟೆ ಬೀದಿ ಬೀದಿ ಸುತ್ತಿ ಹೊಸ ಮ್ಯೂರಲ್‌ಗಳ ಮುಂದೆ ಫೋಟೊ. ಅವು ಚೆಂದವಾಗಿಯೇ ಇವೆ, ಆದರೆ ಅಂಗಡಿಯವರು ದುಡ್ಡು ಕೊಟ್ಟು ಬರೆಸಿದ ಗೋಡೆಗೂ ರೈಲಿಗೂ ಏನು ಸಂಬಂಧ? ವಾಕ್ ನಡೆಸುವವರು ಇದನ್ನು ಬದಲಾಯಿಸಬೇಕು.

ಕೊನೆಗೆ ಈಸ್ಟ್ ಹಾರ್ಲೆಮ್‌ನ 106ನೇ ಬೀದಿ. ಶಾಲೆಯ ಅಂಗಳದಲ್ಲಿರುವ ಗ್ರಾಫಿಟಿ ಹಾಲ್ ಆಫ್ ಫೇಮ್, ಅಂದರೆ ರೈಟರ್‌ಗಳು ಬರೆಯುವ ಗೋಡೆಗಳು, 1980ರಲ್ಲಿ ಶುರುವಾಗಿದ್ದು. ಗೇಟು ಹಾಕಿತ್ತು, ಕಂಬಿಯ ಸಂದಿಯಿಂದಲೇ ನೋಡಿದೆವು. ಪಕ್ಕದಲ್ಲೇ ಕಲ್ಲಿನ ಕಟ್ಟೆಯ ಮೇಲೆ ರೈಲು ಹೋಗುತ್ತದೆ. ರೈಲಿನಿಂದ ಇವರೆಲ್ಲ ಗೋಡೆಗೆ ಬಂದಿದ್ದು ಯಾಕೆ ಅಂತ ಗೈಡ್ ಇಲ್ಲಿ ಚೆನ್ನಾಗಿ ಬಿಡಿಸಿ ಹೇಳಿದರು. 1984ರಿಂದ ಸಬ್‌ವೇಯವರು ಒಂದು ನಿಯಮ ಹಿಡಿದರು: ಒಮ್ಮೆ ತೊಳೆದ ಬೋಗಿಯ ಮೇಲೆ ಮತ್ತೆ ಯಾರಾದರೂ ಬರೆದರೆ, ಅಳಿಸುವವರೆಗೂ ಅದು ಹೊರಗೆ ಬರಬಾರದು. ಯಾರ ಕಣ್ಣಿಗೂ ಬೀಳದ ಹೆಸರನ್ನು ಯಾಕೆ ಬರೆಯಬೇಕು? 1989ರ ಮೇ 12ಕ್ಕೆ ಬಣ್ಣ ಹಚ್ಚಿದ ಕೊನೆಯ ರೈಲನ್ನೂ ತೆಗೆದರು.

ಹೋಗುವವರು ಒಳ್ಳೆಯ ಶೂ ಹಾಕಿಕೊಳ್ಳಿ, ನಡೆಯುವುದು ಜಾಸ್ತಿ. ಎಂಟು ವರ್ಷದೊಳಗಿನ ಮಕ್ಕಳು ಬೇಡ. ನಾವಂತೂ ವಾಕ್ ಮುಗಿದ ಮೇಲೆ ಹುಡುಗನ ಹಟಕ್ಕೆ ವಾಪಸ್ 149ನೇ ಬೀದಿಗೇ ಹೋಗಿ ಕೂತೆವು. ನಾಲ್ಕು ರೈಲು ಬಂದವು, ನಾಲ್ಕೂ ಥಳಥಳ ಹೊಳೆಯುತ್ತಿದ್ದವು.